‘ಕತ್ತಲಪ್ಪ’ ಹುಟ್ಟಿ ಸತ್ತ ಕಥೆ: ಇಂಗ್ಲಿಷ್ ಕಳ್ಳರ ನಿಘಂಟುಗಳ ಜತೆ ನನ್ನ ಅನುಭವ

ಗೆಳೆಯನೊಬ್ಬ ನಾಟಕ ಬರೆಯುತ್ತಿದ್ದ. 1811ರ ಸುಮಾರಿನ ಲಂಡನ್, ಜೇಬುಗಳ್ಳರು, ಕೊನೆಗೆ ಆಸ್ಟ್ರೇಲಿಯಾಕ್ಕೆ ಗಡೀಪಾರು. ಅದಕ್ಕೆ ಬೇಕು ಅಂತ ಓಲ್ಡ್ ಬೇಲಿ ಕೋರ್ಟಿನ ಹತ್ತು-ಹನ್ನೆರಡು ವಿಚಾರಣೆಗಳನ್ನು ಕನ್ನಡಕ್ಕೆ ತಂದುಕೊಡುವ, ಕಳ್ಳರ ಮಾತುಗಳಿಗೆ ಕನ್ನಡದಲ್ಲಿ ಏನಾದರೂ ಹುಡುಕಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಆ ಕೋರ್ಟಿನ 1674ರಿಂದ 1913ರವರೆಗಿನ ವರದಿಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ಬರುತ್ತೆ, ಡಿಕ್ಷನರಿ ಇದೆ, ಇನ್ನೇನು ಅಂದುಕೊಂಡೆ. ಒಂದೇ ವಾರಕ್ಕೆ ಗೊತ್ತಾಯಿತು, ಅದು ನನಗೆ ಬರೋ ಇಂಗ್ಲಿಷ್ ಅಲ್ಲ. ಆಮೇಲೆ ಓದಿದ್ದು: ಸಿಡ್ನಿಗೆ ಮೊದಲ ಹಡಗುಗಳಲ್ಲಿ ಹೋದ ವಾಟ್ಕಿನ್ ಟೆಂಚ್ ಅನ್ನೋ ಅಧಿಕಾರಿ 1793ರಲ್ಲೇ ಬರೆದಿದ್ದಾನೆ, ಅಲ್ಲಿನ ಕೋರ್ಟಿನಲ್ಲಿ ಕಳ್ಳರ ಮಾತು ಬಿಡಿಸಿ ಹೇಳಲು ದುಭಾಷಿ ಬೇಕಾಗುತ್ತಿತ್ತಂತೆ. ಇಂಗ್ಲಿಷರಿಗೇ ಹಾಗಾದರೆ ನಾನು ಯಾವ ಲೆಕ್ಕ?

ಮೊದಲು ಕೈಗೆ ಸಿಕ್ಕಿದ್ದು ಫ್ರಾನ್ಸಿಸ್ ಗ್ರೋಸ್‌ನ ‘ಎ ಕ್ಲಾಸಿಕಲ್ ಡಿಕ್ಷನರಿ ಆಫ್ ದಿ ವಲ್ಗರ್ ಟಂಗ್’, ಅಂದರೆ ಬೀದಿಮಾತು, ಕಳ್ಳರ ಮಾತುಗಳ ನಿಘಂಟು. ಮೊದಲು ಅಚ್ಚಾಗಿದ್ದು 1785ರಲ್ಲಿ. ಗ್ರೋಸ್ ಡೊಳ್ಳುಹೊಟ್ಟೆಯ ಆಸಾಮಿ, ಹಳೇ ಕೋಟೆ-ಚರ್ಚುಗಳ ಚಿತ್ರ, ಚರಿತ್ರೆ ಅಂತ ಊರೂರು ಸುತ್ತಿದವನು. ಪುಸ್ತಕ ಓದೋಕೆ ಮಜವಾಗಿದೆ. ಸತ್ತ ಅನ್ನೋದಕ್ಕೆ ‘ಕಿಕ್ ದಿ ಬಕೆಟ್’ ಅಂತಾರಲ್ಲ, ಅದು ಆಗಲೇ ಅಲ್ಲಿದೆ. ಇದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ‘ಗೊಟಕ್ ಅಂದ’ ಅಂತ ಬರೆದು ಮುಂದೆ ಹೋದೆ.

ಎಡವಿದ್ದು ಆಮೇಲೆ. ಗ್ರೋಸ್ 1791ರಲ್ಲಿ ತೀರಿಕೊಂಡ. ಅವನ ಪುಸ್ತಕವನ್ನೇ ಬೇರೆಯವರು ತಿದ್ದಿ ಬೆಳೆಸಿ 1811ರಲ್ಲಿ ಮತ್ತೆ ತಂದರು. ನಮ್ಮ ನಾಟಕದ ವರ್ಷವೇ ಅಲ್ವಾ, ಖುಷಿಯೋ ಖುಷಿ. ಅದರಲ್ಲಿ ‘ಡಾರ್ಕ್‌ಮನ್ಸ್’ ಅಂದರೆ ರಾತ್ರಿ, ‘ಲೈಟ್‌ಮನ್ಸ್’ ಅಂದರೆ ಹಗಲು ಅಂತ ಇತ್ತು. ನಾನು ‘ಕತ್ತಲಪ್ಪ’, ‘ಬೆಳಕಪ್ಪ’ ಅಂತ ಎರಡು ಪದ ಹುಟ್ಟಿಸಿದೆ. ‘ಕತ್ತಲಪ್ಪ ಬರಲಿ, ಕೆಲಸ ಮುಗಿಸೋಣ’ ಅಂತ ಒಂದು ಸಾಲು ಬೇರೆ. ಗೆಳೆಯ ಕುಣಿದಾಡಿಬಿಟ್ಟ.

ಎರಡು ತಿಂಗಳ ಮೇಲೆ, ಬೇರೇನೋ ಹುಡುಕುವಾಗ, ಥಾಮಸ್ ಹಾರ್ಮನ್ ಅನ್ನೋ ಕೆಂಟ್ ಸೀಮೆಯ ಜಮೀನ್ದಾರನ ಪುಸ್ತಕ ಸಿಕ್ಕಿತು. 1567ರದ್ದು. ಮನೆ ಬಾಗಿಲಿಗೆ ಬರುತ್ತಿದ್ದ ಭಿಕ್ಷುಕರನ್ನು, ಅಲೆಮಾರಿಗಳನ್ನು ಕೂರಿಸಿಕೊಂಡು ಕೇಳಿ ಕೇಳಿ ಅವರ ಮಾತು ಬರೆದುಕೊಂಡವನು ಇವನು. ಇವನ ಮನೆಯ ತಾಮ್ರದ ಹಂಡೆಯೂ ಕಳುವಾಗಿತ್ತು, ಹಾಗಾಗಿ ಆಸಕ್ತಿ ಬರೀ ಭಾಷೆಯದ್ದು ಅಂತ ನನಗೆ ಅನ್ನಿಸಲ್ಲ. ಅವನ ಪಟ್ಟಿಯಲ್ಲೂ ಡಾರ್ಕ್‌ಮನ್ಸ್, ಲೈಟ್‌ಮನ್ಸ್! 1811ಕ್ಕಿಂತ ಇನ್ನೂರ ನಲವತ್ತು ವರ್ಷ ಹಿಂದಿನ ಪದ. ಮಧ್ಯದಲ್ಲಿ ಬಂದವರು, ಅಂದರೆ 1608ರಲ್ಲಿ ನಾಟಕಕಾರ ಥಾಮಸ್ ಡೆಕ್ಕರ್, 1673ರಲ್ಲಿ ರಿಚರ್ಡ್ ಹೆಡ್, 17ನೇ ಶತಮಾನದ ಕೊನೆಗೆ ಬರೀ ಬಿ.ಇ. ಅಂತ ಇನಿಷಿಯಲ್ ಹಾಕಿಕೊಂಡ ಒಬ್ಬ, ಎಲ್ಲರೂ ಹಿಂದಿನವರದ್ದನ್ನು ಎತ್ತಿ ತಮ್ಮದಕ್ಕೆ ಸೇರಿಸಿಕೊಂಡಿದ್ದರು. ಕಳ್ಳರ ನಿಘಂಟು ಮಾಡಿದವರೇ ಕಳ್ಳರು ಅನ್ನಿ. ನನ್ನ ಕೈಲಿದ್ದ ವಿಚಾರಣೆಗಳಲ್ಲಿ ಒಬ್ಬನೂ ಆ ಪದ ಆಡಿರಲಿಲ್ಲ. ಕತ್ತಲಪ್ಪನನ್ನು ಅಲ್ಲೇ ಮಣ್ಣು ಮಾಡಿದೆ. ಗೆಳೆಯ ಮೂರು ದಿನ ಫೋನ್ ಎತ್ತಲಿಲ್ಲ.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡೆ. ಪದ ಯಾವುದು, ಮೊದಲು ಬರೆದವರು ಯಾರು, ಅವರು ಕಿವಿಯಾರೆ ಕೇಳಿದ್ದೋ ಪುಸ್ತಕದಿಂದ ಎತ್ತಿದ್ದೋ, ನಿಘಂಟಿನ ಹೊರಗೆ ಯಾರಾದರೂ ಆಡಿದ್ದಾರಾ. ಕೊನೆಯ ಮನೆ ಖಾಲಿ ಇದ್ದರೆ ಪದ ನಾಟಕಕ್ಕೆ ಇಲ್ಲ. ಜೋನಥನ್ ಗ್ರೀನ್‌ನ ಇಂಗ್ಲಿಷ್ ಸ್ಲ್ಯಾಂಗ್ ನಿಘಂಟು ಬಹಳ ಕೆಲಸಕ್ಕೆ ಬಂತು. 2010ರಲ್ಲಿ ಮೂರು ಸಂಪುಟವಾಗಿ ಬಂದದ್ದು, ಈಗ ನೆಟ್‌ನಲ್ಲೂ ಇದೆ. ಪ್ರತಿ ಅರ್ಥದ ಕೆಳಗೆ ಇಸವಿ ಸಮೇತ ಸಾಲುಗಳು. ಸಾಲೆಲ್ಲಾ ನಿಘಂಟುಗಳದ್ದೇ ಆಗಿದ್ದರೆ ಅನುಮಾನ ಪಡಬೇಕು, ಅಷ್ಟೇ.

ಇನ್ನೊಂದು ಫಜೀತಿ. 1785ರ ಪ್ರತಿಯ ಸ್ಕ್ಯಾನ್‌ನಲ್ಲಿ ‘ಸ್ನಿಚ್’ ಅಂತ ಹುಡುಕಿದರೆ ಸಿಗಲೇ ಇಲ್ಲ. ಜತೆಗಾರರ ಗುಟ್ಟು ಪೊಲೀಸರಿಗೆ ಊದೋನು ಅಂತ ಅರ್ಥ, ಇಲ್ಲದೆ ಎಲ್ಲಿಗೆ ಹೋಗುತ್ತೆ? ಆ ಕಾಲದ ಅಚ್ಚಿನಲ್ಲಿ ಪದದ ಮೊದಲಿನ, ನಡುವಿನ ಎಸ್ ಉದ್ದಕ್ಕೆ ಎಫ್ ತರಹ ಇರುತ್ತೆ, ಕಂಪ್ಯೂಟರ್ ಅದನ್ನು ‘ಫ್ನಿಚ್’ ಅಂತ ಓದಿತ್ತು. ಈಗ ಎರಡೂ ಥರ ಹುಡುಕುತ್ತೇನೆ.

ಹಾರ್ಮನ್‌ನ ಪಟ್ಟಿ ನಾಟಕಕ್ಕೆ ಬರಲಿಲ್ಲ, ಆದರೆ ಬಿಡೋಕೂ ಮನಸ್ಸಾಗಲಿಲ್ಲ. ಅದರಲ್ಲಿ ‘ಚೀಟ್’ ಅಂದರೆ ಮೋಸ ಅಲ್ಲ, ಸುಮ್ನೆ ‘ವಸ್ತು’. ಕ್ಯಾಕ್ಲಿಂಗ್ ಚೀಟ್ ಕೋಳಿ, ಸ್ಮೆಲಿಂಗ್ ಚೀಟ್ ಮೂಗು, ಕ್ರ್ಯಾಶಿಂಗ್ ಚೀಟ್ಸ್ ಹಲ್ಲು. ‘ಕೂಗುವ ವಸ್ತು’, ‘ಮೂಸುವ ವಸ್ತು’ ಅಂತ ಬರೆದು ನೋಡಿದೆ, ಸರ್ಕಾರಿ ಟೆಂಡರ್ ಥರ ಇತ್ತು. ಆಮೇಲೆ ಹೊಳೀತು, ಕನ್ನಡದಲ್ಲಿ ವಸ್ತು ಬೇಕಾಗೇ ಇಲ್ಲ. ಕೊಕ್ಕೊಕ್ಕೋ ಅನ್ನೋದು, ಮೂಸೋದು, ಕಟಕಟ ಅನ್ನೋದು. ಪದದ ಕೊನೆಗೆ ಬರೋ ಆ ‘-ಓದು’ ಒಂದೇ ಎಲ್ಲ ಚೀಟ್‌ಗಳ ಕೆಲಸ ಮಾಡುತ್ತೆ.

ನನಗೆ ಜಾಸ್ತಿ ನಂಬಿಕೆ ಬಂದದ್ದು ಜೇಮ್ಸ್ ಹಾರ್ಡಿ ವಾಕ್ಸ್ ಮೇಲೆ. ಇವನು ಖುದ್ದು ಕಳ್ಳ, ಮೂರು ಸಲ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾದವನು. ಅಲ್ಲಿನ ನ್ಯೂಕ್ಯಾಸಲ್‌ನಲ್ಲಿ ಶಿಕ್ಷೆ ಅನುಭವಿಸುತ್ತಾ 1812ರಲ್ಲಿ ಪದಪಟ್ಟಿ ಮಾಡಿದ, 1819ರಲ್ಲಿ ಅವನ ಆತ್ಮಕಥೆಯ ಜತೆ ಅಚ್ಚಾಯಿತು. ‘ಸ್ವ್ಯಾಗ್’ ಅಂದರೆ ಬಟ್ಟೆಗಂಟು, ಕದ್ದ ಮಾಲೂ ಹೌದು ಅನ್ನುತ್ತಾನೆ. ಗಂಟು ಹೊಡೆಯೋದು ಅಂತ ನಮ್ಮಲ್ಲೇ ಇದೆಯಲ್ಲ! ಯೋಚನೆ ಮಾಡದೆ ‘ಗಂಟು’ ಅಂತ ಹಾಕಿದೆ. ‘ಸ್ಕೆಚ್ ಹಾಕೋದು’, ‘ಸುಪಾರಿ’ ಮಾತ್ರ ಎಲ್ಲೂ ಬಳಸಲಿಲ್ಲ, ಬಳಸಿದರೆ ಲಂಡನ್ ಹೋಗಿ ಶ್ರೀರಾಮಪುರ ಬಂದುಬಿಡುತ್ತಿತ್ತು.

ಕೊನೆಗೆ ಜಗಳ ಆಗಿದ್ದು ಪೊಲೀಸರಿಗೆ ಯಾವ ಪದ ಹಾಕಬೇಕು ಅನ್ನೋದಕ್ಕೆ. ನಾನು ‘ಹಂದಿ’ ಅಂತ ಬರೆದಿದ್ದೆ. ‘ಇದು ಅಮೆರಿಕದ ಸಿನಿಮಾದಿಂದ ಎತ್ತಿದ್ದು, ಆ ಕಾಲದಲ್ಲಿ ಎಲ್ಲಿತ್ತು, ತೆಗಿ ಮಾರಾಯ’ ಅಂತ ನಿರ್ದೇಶಕರು. ಕತ್ತಲಪ್ಪನ ಕಥೆ ಅವರಿಗೂ ಗೊತ್ತಿತ್ತು, ನಂಬೋದಾದರೂ ಹೇಗೆ? ರಿಹರ್ಸಲ್ ನಿಲ್ಲಿಸಿ ಮೊಬೈಲ್‌ನಲ್ಲಿ 1811ರ ಪುಟ ತೆಗೆದು ತೋರಿಸಿದೆ. ಪಿಗ್ ಅಂದರೆ ಪೊಲೀಸ್ ಅಧಿಕಾರಿ ಅಂತಿದೆ, ಗ್ರೋಸ್‌ನದ್ದಲ್ಲ, ಆಮೇಲೆ ಸೇರಿಸಿದ್ದು. ಪಕ್ಕದಲ್ಲೇ ಒಂದು ಉದಾಹರಣೆ: ‘ಹಂದೀನ ಕೆಡವಿ ಓಟ ಕೀಳು’. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆ ಉದಾಹರಣೆಯೂ ಈಗ ನಾಟಕದಲ್ಲಿದೆ, ಎರಡನೇ ಅಂಕದಲ್ಲಿ.