ಕೊಲಂಬಿಯಾಕ್ಕೆ ಹೊರಟಿದ್ದೀರಾ? ಮೊದಲು ಅಲ್ಲಿನ ಅಂಕಿಗಳನ್ನು ಓದಲು ಕಲಿಯಿರಿ

ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ನಮ್ಮವರು ಕೊಲಂಬಿಯಾಕ್ಕೆ ಹೋಗ್ತೀನಿ ಅಂದ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: ಅಲ್ಲಿ ಭಯ ಇಲ್ವಾ? ಭಯಕ್ಕೆ ಕಾರಣಗಳಿವೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಹೋದವರಲ್ಲಿ ಹೆಚ್ಚಿನವರು ಒದ್ದಾಡುವುದು ಕಳ್ಳರಿಂದಲ್ಲ, ಆ ದೇಶದ ಲೆಕ್ಕಾಚಾರ ಗೊತ್ತಿಲ್ಲದೆ. ವಿಳಾಸ, ಬಡಾವಣೆ, ರಜೆ, ಕಾಫಿಯ ಬೆಲೆ, ಎಲ್ಲಕ್ಕೂ ಅಲ್ಲಿ ಒಂದೊಂದು ಅಂಕಿ ಇದೆ. ಅದು ಅರ್ಥವಾದರೆ ಪ್ರವಾಸ ತುಂಬಾ ಸಲೀಸು.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸಾಮಾನ್ಯವಾಗಿ ವೀಸಾ ಬೇಕು. ಆದರೆ ನಿಮ್ಮ ಹತ್ತಿರ ಅಮೆರಿಕದ ಅಥವಾ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ವೀಸಾ ಇದ್ದು, ಕೊಲಂಬಿಯಾದಲ್ಲಿ ಇಳಿಯುವ ದಿನ ಅದಕ್ಕೆ ಇನ್ನೂ ಕನಿಷ್ಠ 180 ದಿನ ಬಾಕಿ ಇದ್ದರೆ ವೀಸಾ ಇಲ್ಲದೆ 90 ದಿನ ಇರಬಹುದು. ಷೆಂಗೆನ್ ದೇಶದ ರೆಸಿಡೆನ್ಸ್ ಪರ್ಮಿಟ್ ಅಥವಾ ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಆಯಿತು. ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಪಾಸ್‌ಪೋರ್ಟಿನಲ್ಲಿರುವ ಸ್ಟ್ಯಾಂಪ್ ಮುಗಿದಿದ್ದರೆ ಬರೀ ಐ-797 ಅನ್ನುವ ಮಂಜೂರಾತಿ ಕಾಗದ ನಂಬಿಕೊಂಡು ಹೊರಡಬೇಡಿ. ಅದನ್ನು ಅವರು ವೀಸಾ ಅಂತ ಒಪ್ಪುವುದಿಲ್ಲ, ವಾಪಸ್ ಅಮೆರಿಕದೊಳಗೆ ಬರುವುದಕ್ಕೂ ತೊಂದರೆ. ನಿಯಮ ಬದಲಾಗಬಹುದು, ಟಿಕೆಟ್ ಕೊಳ್ಳುವ ಮುಂಚೆ ಕೊಲಂಬಿಯಾ ವಿದೇಶಾಂಗ ಇಲಾಖೆಯ ಸೈಟನ್ನು ಒಮ್ಮೆ ನೋಡಿ. ವಿಮಾನ ಹತ್ತಲು 72 ಗಂಟೆ ಇರುವಾಗ ದೇಶದೊಳಗೆ ಬರುವವರು ತುಂಬಬೇಕಾದ ಚೆಕ್-ಮಿಗ್ ಅನ್ನುವ ಫಾರಂ ತೆರೆಯುತ್ತದೆ. ಅದು ಪೂರ್ತಿ ಉಚಿತ. ದುಡ್ಡು ಕೇಳುವ ಸೈಟು ಬಂದರೆ ಅದು ಸರ್ಕಾರದ್ದಲ್ಲ.

ಇನ್ನೊಂದು ಕಾಗದವನ್ನು ಬಹಳ ಜನ ಮರೆಯುತ್ತಾರೆ: ಹಳದಿ ಜ್ವರದ ಲಸಿಕೆಯ ಪುಸ್ತಕ. ಕೊಲಂಬಿಯಾ ಬಿಟ್ಟು 6 ದಿನದೊಳಗೆ ಭಾರತಕ್ಕೆ ಬಂದಿಳಿದರೆ ಆ ಪುಸ್ತಕ ತೋರಿಸಲೇಬೇಕು. ಇಲ್ಲದಿದ್ದರೆ ಕ್ವಾರಂಟೈನ್. ನಿಮ್ಮದು ಅಮೆರಿಕದ ಪಾಸ್‌ಪೋರ್ಟ್ ಆದರೂ ಇದೇ ನಿಯಮ. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆಯೇ ಪುಸ್ತಕಕ್ಕೆ ಬೆಲೆ ಬರುವುದು, ಹಾಗಾಗಿ ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ. ಇದು ಬರೀ ಕಾಗದದ ಶಾಸ್ತ್ರ ಅಂದುಕೊಳ್ಳಬೇಡಿ. 2025ರಲ್ಲಿ ತೊಲಿಮಾ ಪ್ರಾಂತ್ಯದಲ್ಲಿ ಹಳದಿ ಜ್ವರ ಹಬ್ಬಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತ್ತು. ಕಾಫಿ ಸೀಮೆ ಅದರ ಪಕ್ಕದಲ್ಲೇ ಇದೆ.

ಈಗ ವಿಳಾಸ. ರಾಜಧಾನಿ ಬೊಗೊಟಾದಲ್ಲಿ ಇಳಿದ ಕೂಡಲೇ ನಿಮಗೆ "ಕರೇರಾ 13, ಸಂಖ್ಯೆ 63-40" ಅನ್ನುವ ತರಹದ ವಿಳಾಸ ಸಿಗುತ್ತದೆ. ಬೀದಿಗೆ ಹೆಸರಿಲ್ಲ, ಬಡಾವಣೆ ಇಲ್ಲ, ಎದುರಿಗೆ ಯಾವ ದೇವಸ್ಥಾನ ಅನ್ನುವ ಗುರುತೂ ಇಲ್ಲ. ಹೀಗೆ ಓದಿ. ಪೂರ್ವದ ಬೆಟ್ಟಸಾಲಿಗೆ ಸಮನಾಗಿ ಉತ್ತರ-ದಕ್ಷಿಣ ಓಡುವ ರಸ್ತೆ ಕರೇರಾ. ಅದನ್ನು ಅಡ್ಡ ಕತ್ತರಿಸುವುದು ಕಾಯೆ. ಕರೇರಾ 13ರಲ್ಲಿ ನಿಂತು, ಕಾಯೆ 63 ಕೂಡುವ ಮೂಲೆಯಿಂದ 64ರ ಕಡೆಗೆ ಸುಮಾರು 40 ಮೀಟರ್ ನಡೆದರೆ ನಿಮ್ಮ ಬಾಗಿಲು. ಸಮಸಂಖ್ಯೆ ಒಂದು ಬದಿ, ಬೆಸಸಂಖ್ಯೆ ಇನ್ನೊಂದು ಬದಿ. ಬೆಟ್ಟ ಯಾವ ಕಡೆ ಇದೆ ಅಂತ ತಲೆ ಎತ್ತಿ ನೋಡಿದರೆ ಪೂರ್ವ ಸಿಕ್ಕಿತು. ಉತ್ತರಕ್ಕೆ ನಡೆದಷ್ಟೂ ಕಾಯೆಯ ಸಂಖ್ಯೆ ಏರುತ್ತದೆ, ಪಶ್ಚಿಮಕ್ಕೆ ನಡೆದಷ್ಟೂ ಕರೇರಾದ್ದು. ಫೋನ್ ಹೊರಗೆ ತೆಗೆಯದೆ ಊರು ಸುತ್ತಬಹುದು. ಬೊಗೊಟಾದಲ್ಲಿ ಇದು ದೊಡ್ಡ ಅನುಕೂಲ, ಏಕೆಂದರೆ ಅಲ್ಲಿ ಜಾಸ್ತಿ ಆಗುವ ಕಳ್ಳತನವೇ ಬೀದಿಯಲ್ಲಿ ಕೈಯಿಂದ ಫೋನ್ ಕಿತ್ತುಕೊಳ್ಳುವುದು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪೆಸೊಗೂ ಡಾಲರ್ ಚಿಹ್ನೆಯನ್ನೇ ಬರೆಯುತ್ತಾರೆ, ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕಿ ಇಡುತ್ತಾರೆ. 20.000 ಅಂದರೆ ಇಪ್ಪತ್ತು ಸಾವಿರ. ಕಾರ್ಡ್ ಕೊಟ್ಟರೆ ಕ್ಯಾಷಿಯರ್ ಎಷ್ಟು "ಕ್ವೋತಾಸ್" ಅಂತ ಕೇಳುತ್ತಾರೆ, ಅಂದರೆ ಎಷ್ಟು ಕಂತು. "ಉನಾ" ಅನ್ನಿ, ಒಂದೇ. ಹೋಟೆಲ್ ಊಟದ ಬಿಲ್ಲಿಗೆ ಹತ್ತು ಪರ್ಸೆಂಟ್ ಟಿಪ್ಸ್ ಸೇರಿಸಲೇ ಅಂತ ಕೇಳಿಯೇ ಸೇರಿಸಬೇಕು, ಬೇಡ ಅನ್ನುವ ಹಕ್ಕು ನಿಮಗಿದೆ. ಉಳಿಯುವ ಹೋಟೆಲಿನಲ್ಲಿ ಪಾಸ್‌ಪೋರ್ಟಿನ ಪ್ರವಾಸಿ ಮುದ್ರೆ ತೋರಿಸಿ. ಹೊರದೇಶದ ಪ್ರವಾಸಿಗಳಿಗೆ ವಸತಿಯ ಮೇಲಿನ 19 ಪರ್ಸೆಂಟ್ ತೆರಿಗೆ ಇಲ್ಲ. ಅವರಾಗಿ ಹೇಳದೆ ಇದ್ದರೆ ನೀವೇ ಕೇಳಿ.

ಇನ್ನು ನನಗೆ ಅತ್ಯಂತ ಮುಖ್ಯ ಅನಿಸುವ ಅಂಕಿ: ಎಸ್ತ್ರಾತೊ. ಊರುಗಳ ವಸತಿ ಕಟ್ಟಡಗಳಿಗೆ 1ರಿಂದ 6ರ ತನಕ ಒಂದು ದರ್ಜೆ ಕೊಟ್ಟಿದ್ದಾರೆ. 1994ರ ಕಾನೂನು 142 ಇದಕ್ಕೆ ಆಧಾರ. ದರ್ಜೆ ಕೊಡುವುದು ಮನೆಯವರ ಸಂಬಳ ನೋಡಿ ಅಲ್ಲ. ಮನೆಯ ಹೊರನೋಟ, ಬೀದಿ, ಸುತ್ತಲಿನ ಪರಿಸರ ನೋಡಿ. 1, 2, 3ರಲ್ಲಿ ಇರುವವರಿಗೆ ಕರೆಂಟು, ನೀರಿನ ಬಿಲ್ಲಿನಲ್ಲಿ ಸಬ್ಸಿಡಿ ಉಂಟು, ಗ್ಯಾಸಿಗೆ 1, 2ರವರಿಗೆ ಮಾತ್ರ. 4ರವರು ಇದ್ದ ಬೆಲೆ ಕೊಡುತ್ತಾರೆ. 5 ಮತ್ತು 6ರವರು ಮೇಲೆ ಇನ್ನಷ್ಟು ಕಟ್ಟುತ್ತಾರೆ, ಕರೆಂಟಿಗಾದರೆ 20 ಪರ್ಸೆಂಟ್. ಬಿಲ್ಲಿನ ಮೇಲೆ ನಿಮ್ಮ ಎಸ್ತ್ರಾತೊ ಅಚ್ಚಾಗಿರುತ್ತದೆ. ಕೆಲಸಕ್ಕೆ ಅಂತ ಹೋಗಿ ಬಾಡಿಗೆ ಮನೆ ಹುಡುಕುವವರು ಇದನ್ನು ಕೇಳದೆ ಒಪ್ಪಂದಕ್ಕೆ ಸಹಿ ಹಾಕಬಾರದು. ಪ್ರವಾಸಿಗೂ ಇದು ಉಪಯೋಗಕ್ಕೆ ಬರುತ್ತದೆ. ಮೆಡೆಯಿನ್‌ನಲ್ಲಿ ಎಲ್ಲರೂ ಎಲ್ ಪೊಬ್ಲಾದೊ ಬಡಾವಣೆಗೆ ಓಡುತ್ತಾರೆ. ಅಲ್ಲಿ ಬಹುಪಾಲು 6, ಬೆಲೆಯೂ ಹಾಗೇ, ರಾತ್ರಿಯೆಲ್ಲ ಗದ್ದಲ. ಲೌರೆಲೆಸ್‌ನಲ್ಲಿ 4, 5 ಜಾಸ್ತಿ. ಸಮತಟ್ಟಾದ ರಸ್ತೆ, ಮರದ ನೆರಳು, ಪಕ್ಕದಲ್ಲೇ ಮೆಟ್ರೊ. ಮನೆಮಂದಿ ಜೊತೆ ಹೋಗುವವರಿಗೆ ನಾನು ಹೇಳುವುದು ಲೌರೆಲೆಸ್.

ಬಡವರ ಬಿಲ್ಲನ್ನು ಉಳ್ಳವರು ಹೊರಲಿ ಅನ್ನುವುದು ಒಳ್ಳೆಯ ಯೋಚನೆ. ಆದರೆ ಮನೆಗೆ ಕೊಟ್ಟ ಅಂಕಿ ಮನುಷ್ಯರಿಗೆ ಅಂಟಿಕೊಂಡುಬಿಟ್ಟಿದೆ. ಅವನು ಎರಡರವನು, ಅವಳು ಆರರವಳು ಅಂತ ಜನ ಆಡಿಕೊಳ್ಳುತ್ತಾರೆ. ಇದು ನನಗೆ ಬೇಸರ ತರುತ್ತದೆ. ನೀವು ಆ ಮಾತಿಗೆ ದನಿ ಸೇರಿಸಬೇಡಿ.

ಅಂಕಿಗಳು ಹಾಕಿದ ಈ ಬೇಲಿಯನ್ನು ದಾಟಿ ಕಟ್ಟಿದ್ದು ಮೆಡೆಯಿನ್‌ನ ಮೆಟ್ರೊ. 1995ರಲ್ಲಿ ಶುರುವಾಯಿತು. ಆದರೆ ಬಡವರು ಇದ್ದದ್ದು ರೈಲು ಹತ್ತಲಾಗದ ಗುಡ್ಡಗಳ ಮೇಲೆ. 2004ರಲ್ಲಿ ಅಸೆವೆದೊ ನಿಲ್ದಾಣದಿಂದ ಗುಡ್ಡದ ಮೇಲಿನ ಸಾಂತೊ ದೊಮಿಂಗೊ ಬಡಾವಣೆಗೆ ಕೇಬಲ್ ಕಾರ್ ಹಾಕಿದರು. ಪ್ರವಾಸಿಗಳಿಗಲ್ಲ, ಕೆಲಸಕ್ಕೆ ಇಳಿದು ಹೋಗುವವರಿಗೆ. ಒಂದೇ ಸೀವಿಕಾ ಕಾರ್ಡಿನಲ್ಲಿ ರೈಲು, ಕೇಬಲ್ ಎರಡೂ ನಡೆಯುತ್ತವೆ. ಅಲ್ಲಿಂದ ಮೇಲೆ ಅರ್ವೀ ಕಾಡಿಗೆ ಹೋಗುವ ಲೈನಿಗೆ ಮಾತ್ರ ಬೇರೆ ದರ. ಬೆಳಗ್ಗೆ, ಸಂಜೆ ಜನ ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲಿ ಕ್ಯಾಮರಾ ಹಿಡಿದು ಆ ಸಾಲಿನಲ್ಲಿ ನಿಲ್ಲಬೇಡಿ, ಮಧ್ಯಾಹ್ನ ಹೋಗಿ. ಬೊಗೊಟಾದಲ್ಲಿ ಮೆಟ್ರೊ ಇನ್ನೂ ಕಟ್ಟುತ್ತಿದ್ದಾರೆ. ಅಲ್ಲಿ ಟ್ರಾನ್ಸ್‌ಮಿಲೆನಿಯೊ ಅನ್ನುವ ಕೆಂಪು ಬಸ್ಸು, ತುಯಾವೆ ಕಾರ್ಡು. ಭಾನುವಾರ ಮತ್ತು ರಜಾದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರ ತನಕ 120 ಕಿಲೋಮೀಟರಿಗೂ ಹೆಚ್ಚು ದೊಡ್ಡ ರಸ್ತೆಗಳನ್ನು ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ಬೊಗೊಟಾ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಊರು 2,600 ಮೀಟರ್ ಎತ್ತರದಲ್ಲಿದೆ ಅನ್ನುವುದು ನೆನಪಿರಲಿ. ಮೊದಲ ದಿನ ನಿಧಾನ ನಡೆಯಿರಿ, ಸ್ವೆಟರ್ ಇಟ್ಟುಕೊಳ್ಳಿ.

ರಜೆಗಳ ಲೆಕ್ಕವೂ ಗೊತ್ತಿರಬೇಕು. ವರ್ಷಕ್ಕೆ 18 ಸಾರ್ವಜನಿಕ ರಜೆ. 1983ರ ಎಮಿಲಿಯಾನಿ ಕಾನೂನಿನಂತೆ ಅವುಗಳಲ್ಲಿ ಎಷ್ಟೋ ರಜೆಗಳನ್ನು ಮುಂದಿನ ಸೋಮವಾರಕ್ಕೆ ತಳ್ಳುತ್ತಾರೆ. ಶನಿ, ಭಾನು, ಸೋಮ ಸೇರಿ "ಪ್ವೆಂತೆ" ಆಗುತ್ತದೆ. ಆ ಶುಕ್ರವಾರ ಸಂಜೆ ಬೊಗೊಟಾ ಬಿಟ್ಟು ಹೊರಡುವುದು, ಸೋಮವಾರ ಸಂಜೆ ವಾಪಸ್ ಬರುವುದು ಎರಡೂ ಬೇಡ. ಕ್ಯಾಲೆಂಡರ್ ನೋಡಿ ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಿ. ಚಿನ್ನದ ವಸ್ತು ಸಂಗ್ರಹಾಲಯಕ್ಕೆ ಸೋಮವಾರ ರಜೆ, ಅದನ್ನೂ ಸೇರಿಸಿ ಯೋಚಿಸಿ.

ಊಟ. ಸಸ್ಯಾಹಾರಿಗಳಿಗೆ ಕಷ್ಟ ಅನ್ನುವುದು ಅರ್ಧ ನಿಜ. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ, ಆದರೆ ಅಲ್ಲಿ ಅದು ದನದ ಮಾಂಸಕ್ಕೆ ಮಾತ್ರ ಅಂತ ತಿಳಿದು ಕೋಳಿ ತಂದಿಡುತ್ತಾರೆ. "ನೊ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ" (ಮಾಂಸ, ಕೋಳಿ, ಮೀನು ಯಾವುದೂ ತಿನ್ನುವುದಿಲ್ಲ) ಅಂತ ಪೂರ್ತಿ ಹೇಳಿ. ಹುರುಳಿಕಾಯಿ ಬೀಜದ ಸಾರಿನಲ್ಲಿ ಹಂದಿ ಮಾಂಸ ಸೇರಿರುವುದು ಮಾಮೂಲು, ಸೂಪಿನ ಬುಡದಲ್ಲಿ ಮೂಳೆಯ ರಸ. ಮಧ್ಯಾಹ್ನದ ಅಗ್ಗದ ಊಟದಲ್ಲಿ ಅನ್ನ, ಬೇಳೆ, ಹುರಿದ ಬಾಳೆ, ಮೊಟ್ಟೆ ಕೇಳಿದರೆ ಮಾಡಿಕೊಡುತ್ತಾರೆ. ಅರೇಪಾ ಅನ್ನುವ ಮೆಕ್ಕೆಜೋಳದ ರೊಟ್ಟಿ ಎಲ್ಲ ಕಡೆ ಸಿಗುತ್ತದೆ. ಮಾರುಕಟ್ಟೆಯಲ್ಲಿ ಪನೇಲಾ ಅಚ್ಚುಗಳ ರಾಶಿ ನೋಡಿದರೆ ಮಂಡ್ಯದವರ ಮುಖ ಅರಳುತ್ತದೆ. ಅದು ಅಪ್ಪಟ ಬೆಲ್ಲ. ಬೆಲ್ಲ ಮಾಡುವುದರಲ್ಲಿ ಭಾರತದ ನಂತರ ಅವರದೇ ಸ್ಥಾನ. ಅದನ್ನು ಕುದಿಸಿದ ಆಗ್ವಾಪನೇಲಾ ಬೊಗೊಟಾದ ಚಳಿಗೆ ಬಹಳ ಹಿತ.

ದಕ್ಷಿಣ ಅಮೆರಿಕದಲ್ಲಿ ಕೆರಿಬಿಯನ್ ಸಮುದ್ರ, ಶಾಂತ ಸಾಗರ ಎರಡಕ್ಕೂ ತೀರ ಇರುವ ದೇಶ ಇದೊಂದೇ. ಕೆರಿಬಿಯನ್ ಕಡೆ ಕಾರ್ತಹೇನಾದ ಕೋಟೆಯೊಳಗಿನ ಊರು ಚೆಂದ, ಆದರೆ ಅಲ್ಲಿ ಟ್ಯಾಕ್ಸಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ಬೆಲೆ ಮಾತಾಡಿ. ಬೀಚಿನಲ್ಲಿ ಯಾರಾದರೂ "ಸುಮ್ನೆ ರುಚಿ ನೋಡಿ" ಅಂತ ಕೈಗೆ ಸಿಂಪಿ ಕೊಟ್ಟರೆ, ಭುಜ ಒತ್ತಲು ಶುರು ಮಾಡಿದರೆ ಬೇಡ ಅನ್ನಿ. ಆಮೇಲೆ ಕೇಳುವ ದುಡ್ಡು ಬಹಳ. ನನಗೆ ಹೆಚ್ಚು ಇಷ್ಟವಾದದ್ದು ಸಾಂತಾ ಮಾರ್ತಾ ಪಕ್ಕದ ತೈರೋನಾ ರಾಷ್ಟ್ರೀಯ ಉದ್ಯಾನ. ಕಾಡು ನೇರ ಸಮುದ್ರಕ್ಕೆ ಇಳಿಯುವ ಜಾಗ ಅದು. ಅಲ್ಲಿನ ಬೆಟ್ಟದ ಮೂಲನಿವಾಸಿಗಳಾದ ಕೋಗಿ, ಅರ್ವಾಕೊ, ವಿವಾ, ಕನ್ಕ್ವಾಮೊ ಜನರ ಕೋರಿಕೆಯಂತೆ ಭೂಮಿಗೆ ವಿಶ್ರಾಂತಿ ಅಂತ ವರ್ಷದಲ್ಲಿ ಕೆಲವು ಸಲ ಪಾರ್ಕು ಮುಚ್ಚುತ್ತಾರೆ, ಸಾಮಾನ್ಯವಾಗಿ ಫೆಬ್ರವರಿ, ಜೂನ್, ಅಕ್ಟೋಬರ್-ನವೆಂಬರ್ ಹೊತ್ತಿಗೆ. ಟಿಕೆಟ್ ಮಾಡುವ ಮುಂಚೆ ದಿನಾಂಕ ನೋಡಿ. ಅರ್ರೆಸಿಫೆಸ್ ಬೀಚಿನಲ್ಲಿ ಈಜಬೇಡಿ ಅಂತ ಬೋರ್ಡ್ ಇದೆ. ಸೆಳೆತ ಜೋರು, ಜನ ಸತ್ತಿದ್ದಾರೆ. ಇನ್ನು ಶಾಂತ ಸಾಗರದ ಕಡೆ ನುಕೀ ಅನ್ನುವ ಊರಿಗೆ ರಸ್ತೆಯೇ ಇಲ್ಲ. ಮೆಡೆಯಿನ್‌ನಿಂದ ಸಣ್ಣ ವಿಮಾನ. ಜುಲೈನಿಂದ ಅಕ್ಟೋಬರ್ ತನಕ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ.

ಸುರಕ್ಷತೆಗೆ ನನ್ನ ಮಾತು ಇಷ್ಟು: ರಾತ್ರಿ ಬೀದಿಯಲ್ಲಿ ಟ್ಯಾಕ್ಸಿಗೆ ಕೈ ಅಡ್ಡ ಹಾಕಬೇಡಿ, ಆ್ಯಪಿನಲ್ಲಿ ಕರೆಯಿರಿ. ಅಪರಿಚಿತರು ಕೊಟ್ಟ ಪಾನೀಯ ಮುಟ್ಟಬೇಡಿ, ಅಮಲು ಬರಿಸಿ ದೋಚುವುದು ಅಲ್ಲಿ ನಿಜವಾಗಿ ನಡೆಯುತ್ತದೆ. ತುರ್ತಿಗೆ 123.

ಕಾಫಿ ಸೀಮೆಗೆ ಬರೋಣ. ಆರ್ಮೇನಿಯಾ, ಪೆರೇರಾ, ಮನಿಸಾಲೆಸ್ ಮೂರು ಊರುಗಳ ಸುತ್ತಲಿನ ಗುಡ್ಡಗಳು. ಬೊಗೊಟಾದಿಂದ ಆರ್ಮೇನಿಯಾಕ್ಕೆ ಬಸ್ಸು ಲಾ ಲಿನೆಯಾ ಸುರಂಗದೊಳಗೆ ಹಾದು ಬರುತ್ತದೆ. 2020ರಲ್ಲಿ ತೆರೆದದ್ದು, ಎಂಟೂವರೆ ಕಿಲೋಮೀಟರಿಗೂ ಉದ್ದ. ಸಲೆಂಟೊ ಚೌಕದಿಂದ ವಿಲ್ಲೀಸ್ ಜೀಪು ಹತ್ತಿದರೆ ಕೊಕೊರಾ ಕಣಿವೆ. ಅಲ್ಲಿನ ಮೇಣದ ತಾಳೆ 60 ಮೀಟರ್ ತನಕ ಬೆಳೆಯುತ್ತದೆ. ಲಕ್ಷ ಪೆಸೊ ನೋಟಿನ ಹಿಂಬದಿಯಲ್ಲಿ ಇರುವುದು ಇದೇ ಮರ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಅಲ್ಲಿನ ತೋಟ ಮೊದಲು ಗೊಂದಲ ಮಾಡುತ್ತದೆ. ನಮ್ಮಲ್ಲಿ ಹೂಮಳೆ ಬಿದ್ದರೆ ತೋಟವೆಲ್ಲ ಒಟ್ಟಿಗೆ ಹೂ ಬಿಟ್ಟು ಬಿಳಿ. ಅಲ್ಲಿ ಭೂಮಧ್ಯರೇಖೆ ಹತ್ತಿರ, ವರ್ಷಕ್ಕೆ ಎರಡು ಮಳೆಗಾಲ. ಒಂದೇ ರೆಂಬೆಯಲ್ಲಿ ಹೂವು, ಹಸಿರು ಕಾಯಿ, ಕೆಂಪು ಹಣ್ಣು ಮೂರೂ ಇರುತ್ತವೆ. ಹಾಗಾಗಿ ಕೊಯ್ಲು ಎರಡು ಸಲ. ಆರ್ಮೇನಿಯಾ ಇರುವ ಕಿಂದೀಯೊ ಪ್ರಾಂತ್ಯದಲ್ಲಿ ದೊಡ್ಡದು ಸೆಪ್ಟೆಂಬರಿನಿಂದ ಡಿಸೆಂಬರ್, ಸಣ್ಣದು ಏಪ್ರಿಲಿನಿಂದ ಜೂನ್. ಕೆಲಸದವರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣಾದದ್ದನ್ನು ಮಾತ್ರ ಆರಿಸುತ್ತಾ ಅದೇ ಗಿಡಕ್ಕೆ ಮತ್ತೆ ಮತ್ತೆ ಬರುತ್ತಾರೆ. ಇಳಿಜಾರು ಎಷ್ಟು ಕಡಿದು ಅಂದರೆ ಯಂತ್ರ ನಿಲ್ಲುವ ಜಾಗವೇ ಇಲ್ಲ. ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅದಕ್ಕೆ ಮನೆಯ ಮಾಳಿಗೆಯಲ್ಲೇ ಕಣ ಮಾಡಿ, ಅದರ ಮೇಲಿನ ಛಾವಣಿಯನ್ನು ಕಂಬಿಯ ಮೇಲೆ ಜಾರುವಂತೆ ಇಟ್ಟಿದ್ದಾರೆ. ಮೋಡ ಕವಿದರೆ ಇಡೀ ತಗಡಿನ ಸೂರನ್ನು ತಳ್ಳಿ ಮುಚ್ಚುತ್ತಾರೆ. ಟಾರ್ಪಾಲು ಹಿಡಿದು ಓಡಿದ ಅಭ್ಯಾಸ ಇರುವವರು ಇದನ್ನು ನಿಂತು ನೋಡಲೇಬೇಕು.

ಬೆಲೆಯ ವ್ಯವಸ್ಥೆ ಇನ್ನೂ ದೊಡ್ಡದು. 1927ರಲ್ಲಿ ಹುಟ್ಟಿದ ಬೆಳೆಗಾರರ ಒಕ್ಕೂಟ ಪ್ರತಿದಿನ ಒಳಸಿಪ್ಪೆ ತೆಗೆಯದೆ ಒಣಗಿಸಿದ 125 ಕಿಲೋ ಬೀಜಕ್ಕೆ, ಅಂದರೆ ಒಣ ಪಾರ್ಚ್‌ಮೆಂಟಿಗೆ ಇಷ್ಟು ಅಂತ ಒಂದು ಬೆಲೆ ಪ್ರಕಟಿಸುತ್ತದೆ. ಬೆಳೆಗಾರ ಒಂದು ಮೂಟೆ ತಂದರೂ ಸಹಕಾರ ಸಂಘ ತೂಗಿ, ಗುಣಮಟ್ಟ ನೋಡಿ, ದುಡ್ಡು ಕೊಡಲೇಬೇಕು. ಖಾಸಗಿಯವರು ಜಾಸ್ತಿ ಕೊಟ್ಟರೆ ಅಲ್ಲಿಗೆ ಹೋಗಲು ಅಡ್ಡಿಯಿಲ್ಲ. ರಫ್ತಾಗುವ ಕಾಫಿಯ ಮೇಲೆ ಪೌಂಡಿಗೆ 6 ಸೆಂಟ್ ವಂತಿಗೆ ಇದೆ. ಆ ದುಡ್ಡಿನಲ್ಲೇ ಸೆನಿಕಾಫೆ ಅನ್ನುವ ಸಂಶೋಧನಾ ಕೇಂದ್ರವೂ ನಡೆಯುತ್ತದೆ. ತುಕ್ಕು ರೋಗ ತಡೆಯುವ ಕಸ್ತೀಯೊ ತಳಿ ಅಲ್ಲೇ ಆದದ್ದು. 1990ರ ದಶಕದ ತನಕ ಎಲ್ಲರ ಬೆಳೆಯನ್ನೂ ಒಟ್ಟಿಗೆ ಸೇರಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೆ ಹಾಕಿ ಕಂತು ಕಂತಾಗಿ ದುಡ್ಡಿಗೆ ಕಾದ ನಮ್ಮ ಹಿರಿಯರಿಗೆ, ಆಮೇಲೆ ವ್ಯಾಪಾರಿ ಹೇಳಿದ್ದೇ ಬೆಲೆ ಅಂತ ಕಂಡವರಿಗೆ, ಈ ಎರಡರ ನಡುವಿನ ದಾರಿ ಕುತೂಹಲ ಹುಟ್ಟಿಸುತ್ತದೆ. ತೋಟ ತೋರಿಸುವವರ ಹತ್ತಿರ ಕಪ್ಪಿನ ರುಚಿ ಜೊತೆ ಇವತ್ತಿನ ಬೆಲೆ ಎಷ್ಟು, ಆರಿಸುವವರಿಗೆ ಕಿಲೋಗೆ ಎಷ್ಟು ಅಂತಲೂ ಕೇಳಿ. ಬಾಯಿ ಬಿಟ್ಟು ಮಾತಾಡುತ್ತಾರೆ.

ಬೀದಿಯಲ್ಲಿ ಫ್ಲಾಸ್ಕಿನಿಂದ ಕೊಡುವ ತಿಂತೊ, ಅಂದರೆ ಹಾಲಿಲ್ಲದ ಕಾಫಿ, ನಮ್ಮ ನಾಲಿಗೆಗೆ ನೀರು ನೀರು. ಒಳ್ಳೆಯ ಬೀಜ ಬಹುಕಾಲ ರಫ್ತಿಗೇ ಹೋಗುತ್ತಿತ್ತು, ಉಳಿದದ್ದು ಊರಿನವರಿಗೆ. ಈಗ ಊರೂರಲ್ಲೂ ತೋಟದ ಹೆಸರು ಹಾಕಿ ಹುರಿದು ಮಾರುವ ಅಂಗಡಿಗಳಿವೆ, ಅಲ್ಲಿ ಕೊಳ್ಳಿ. ಚಿಕೋರಿ ಇರುವುದಿಲ್ಲ, ಫಿಲ್ಟರಿಗೆ ಹಾಕುವವರು ಸಣ್ಣಗೆ ಪುಡಿ ಮಾಡಿಸಿ. ಹುರಿದದ್ದನ್ನು ಮಾತ್ರ ಊರಿಗೆ ತನ್ನಿ. ಕಸ್ತೀಯೊ ಬೀಜ ನಾಲ್ಕು ಜೇಬಿಗೆ ಹಾಕಿಕೊಂಡು ಹೋಗಿ ನಮ್ಮ ತೋಟದಲ್ಲಿ ಹಾಕೋಣ ಅನ್ನುವ ಆಸೆ ಬೆಳೆಗಾರರ ಮಕ್ಕಳಿಗೆ ಬಂದೇ ಬರುತ್ತದೆ. ಹಸಿ ಬೀಜ, ಸಸಿ ಯಾವುದನ್ನೂ ಪರವಾನಗಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ಆ ಖಂಡದ ರೋಗವೊಂದು ಅದರ ಜೊತೆ ಬಂದರೆ ಹೋಗುವುದು ನಿಮ್ಮ ಒಬ್ಬರ ತೋಟ ಅಲ್ಲ.