ಪುಣೆಯ ತಾರಸಿಗೆ ಸೋಲಾರ್: ಸಬ್ಸಿಡಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?

ಮನೆಯ ತಾರಸಿಗೆ ಸೋಲಾರ್ ಹಾಕಿಸಲು ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಗೆ ಕೇಂದ್ರ ಸಂಪುಟ 2024ರ ಫೆಬ್ರುವರಿಯಲ್ಲಿ 75,021 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ನಿಮ್ಮ ಮನೆಗೆ ಬರುವ ಪಾಲು: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ ಅಷ್ಟೇ.

ಮೊದಲು ಮಹಾವಿತರಣದ (ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ವಿತರಣಾ ಕಂಪನಿ) ಬಿಲ್ ತೆಗೆದು ನೋಡಿ. ಅದು ಮರಾಠಿಯಲ್ಲಿದ್ದರೂ ‘ಗ್ರಾಹಕ ಕ್ರಮಾಂಕ’, ‘ಮಂಜೂರ ಭಾರ’ (ಮಂಜೂರಾದ ಲೋಡ್) ಓದೋಕೆ ನಮ್ಮಂಥ ಕನ್ನಡಿಗರಿಗೇನೂ ಕಷ್ಟವಿಲ್ಲ. ತೊಡಕು ಹೆಸರಿನದು. ಆಧಾರ್‌ನಲ್ಲಿ ಊರಿನ ಇನಿಷಿಯಲ್, ಬಿಲ್ಲಿನಲ್ಲಿ ಇಲ್ಲಿಯ ರೂಢಿಯಂತೆ ಅಪ್ಪನ ಹೆಸರು, ಅಡ್ಡಹೆಸರು. ಕೆಲವೊಮ್ಮೆ ಮನೆ ಮಾರಿದವರ ಹೆಸರೇ ಉಳಿದಿರುತ್ತದೆ. ಬಿಲ್ಲು, ಬ್ಯಾಂಕ್ ಖಾತೆ, ಅರ್ಜಿ ಮೂರರಲ್ಲೂ ಒಂದೇ ಹೆಸರಿರಲಿ. ಬದಲಾವಣೆಯನ್ನು ಅರ್ಜಿಗೆ ಮುಂಚೆಯೇ ಮಾಡಿಸಿ, ಬಾಕಿ ಇದ್ದರೆ ಕಟ್ಟಿಬಿಡಿ.

1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬಿಸಿಲು ಬೀಳುವ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್. ತಿಂಗಳಿಗೆ 300–350 ಯೂನಿಟ್ ಸುಡುವ ಮನೆಗೆ 3 ಕಿಲೋವ್ಯಾಟ್ ಸಾಕು. ಮಳೆಗಾಲದಲ್ಲಿ ಉತ್ಪಾದನೆ ಇಳಿಯುತ್ತದೆ, ಬೇಸಿಗೆಯಲ್ಲಿ ಗ್ರಿಡ್‌ಗೆ ಹೋದ ಹೆಚ್ಚುವರಿ ಯೂನಿಟ್ ನಿಮ್ಮ ಖಾತೆಯಲ್ಲಿ ಜಮೆಯಾಗಿ ಅದನ್ನು ತುಂಬುತ್ತದೆ. ಉಳಿದ ಯೂನಿಟ್ ಮಾರ್ಚ್ 31ರ ತನಕ ಮಾತ್ರ ಖಾತೆಯಲ್ಲಿರುತ್ತದೆ, ಆಮೇಲೆ ಅಗ್ಗದ ದರಕ್ಕೆ ಹೋಗುತ್ತದೆ. ಹಾಗಾಗಿ ದೊಡ್ಡದು ಹಾಕಿಸಿ ಲಾಭವಿಲ್ಲ. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದೇ ಸಾಲಿನ ಉಳಿದವೂ ಸೊರಗುತ್ತವೆ. ಬೆಳಿಗ್ಗೆ 9ಕ್ಕೂ ಸಂಜೆ 4ಕ್ಕೂ ತಾರಸಿ ಹತ್ತಿ ನೋಡಿ.

ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿ, ಅಲ್ಲಿನ ಪಟ್ಟಿಯಲ್ಲಿರುವ ವೆಂಡರ್‌ನನ್ನೇ ಆರಿಸಿ. ಕೊಟೇಶನ್‌ನಲ್ಲಿ ಡಿಸಿಆರ್, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದ ಪ್ಯಾನೆಲ್, ಎಂದು ಬರೆಸಿ. ಆಮದು ಸೆಲ್ಲಿನದು ಅಗ್ಗ ಸಿಗಬಹುದು, ಸಬ್ಸಿಡಿ ಮಾತ್ರ ಹೋಗುತ್ತದೆ. ಪ್ಯಾನೆಲ್ ಕಡೆಯ ಡಿಸಿ, ಮನೆ ಕಡೆಯ ಎಸಿ, ಸಿಡಿಲು ತಡೆಗೆ ಬೇರೆ ಬೇರೆ ಅರ್ಥಿಂಗ್ ಗುಂಡಿ ಕೇಳಿ. ಇಲ್ಲೇ ಉಳಿತಾಯ ಮಾಡುವವರು ಹೆಚ್ಚು.

ಫ್ಲ್ಯಾಟಿನವರಿಗೆ ತಾರಸಿ ಸೊಸೈಟಿಯದು, ಅದರ ಒಪ್ಪಿಗೆ ಪತ್ರ ಬೇಕು. ಲಿಫ್ಟ್, ಪಂಪಿಗೆ ಸೊಸೈಟಿಯೇ ಹಾಕಿಸಿದರೆ ಕಿಲೋವ್ಯಾಟ್‌ಗೆ 18,000 ಸಿಗುತ್ತದೆ.

ಗ್ರಿಡ್‌ಗೆ ಕೊಟ್ಟ, ಅಲ್ಲಿಂದ ಪಡೆದ ಯೂನಿಟ್ ಎರಡನ್ನೂ ಎಣಿಸುವ ನೆಟ್ ಮೀಟರ್ ಕೂತು, ತಪಾಸಣೆ ಮುಗಿದ ಮೇಲೆ ಬ್ಯಾಂಕ್ ವಿವರ ಹಾಕಿ ಸಬ್ಸಿಡಿ ಕೋರಬೇಕು. ಅದು ನೇರ ನಿಮ್ಮ ಖಾತೆಗೆ ಬರುತ್ತದೆ. ವೆಂಡರ್‌ಗೆ ಕೊನೆಯ ಕಂತು ಮೀಟರ್ ಕೂರುವ ತನಕ ಕೊಡಬೇಡಿ.