ಎಚ್‌ಐವಿ ಇರುವ ಮಕ್ಕಳ ಬಳಿ ಸಂಶೋಧನೆಗೆ ಹೋಗುವ ಮುನ್ನ

ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಕಣ್ಣಮುಂದೆ ತಂದುಕೊಳ್ಳಿ. ಹುಟ್ಟಿನಿಂದಲೇ ಎಚ್‌ಐವಿ ಇದೆ. ದಿನಾ ರಾತ್ರಿ ನುಂಗುವುದು ‘ಶಕ್ತಿಯ ಮಾತ್ರೆ’ ಎಂದು ಅಜ್ಜಿ ನಂಬಿಸಿದ್ದಾಳೆ. ನೀವು ಕೊಟ್ಟ ಒಪ್ಪಿಗೆ ಪತ್ರದ ತಲೆಬರಹ: ‘ಎಚ್‌ಐವಿ ಸೋಂಕಿತ ಹದಿಹರೆಯದವರ ಅಧ್ಯಯನ’. ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ ಗುಟ್ಟು ಒಡೆಯಿತು.

ಆದ್ದರಿಂದ ಮಗುವನ್ನು ಕಾಣುವ ಮೊದಲಿನ ಕೆಲಸ, ಅದಕ್ಕೆ ವಿಷಯ ಗೊತ್ತಿದೆಯೇ ಎಂದು ಪೋಷಕರನ್ನೂ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರನ್ನೂ ಕೇಳುವುದು. ಚಿಕ್ಕ ಮಕ್ಕಳಿಗೆ ಹಂತಹಂತವಾಗಿ ತಿಳಿಸುತ್ತ ಬಂದು, ಶಾಲೆಗೆ ಹೋಗುವ ವಯಸ್ಸಿನಲ್ಲಿ ಪೂರ್ತಿ ತಿಳಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಆದರೆ ತಿಳಿಸುವವರು ಮನೆಯವರು. ನಿಮ್ಮ ಪ್ರಾಜೆಕ್ಟ್‌ನ ಗಡುವಿಗಾಗಿ ಅವರನ್ನು ಅವಸರಪಡಿಸಬೇಡಿ. ಗೊತ್ತಿಲ್ಲದ ಮಕ್ಕಳಿಗೆ ರೋಗದ ಹೆಸರಿಲ್ಲದ ಪತ್ರ ಕೊಡುವವರಿದ್ದಾರೆ. ಎಚ್‌ಐವಿಯ ಕಳಂಕದ ಬಗ್ಗೆಯೇ ಅಧ್ಯಯನವಾದರೆ ಅಂಥ ಮಕ್ಕಳನ್ನು ಬಿಟ್ಟುಬಿಡುವುದೇ ಸರಿ ಎನ್ನುವವನು ನಾನು. ಅರ್ಧ ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಇದಕ್ಕೆಲ್ಲ ಮೊದಲೇ ಕೈಯಲ್ಲಿರಬೇಕಾದದ್ದು, ಅಧ್ಯಯನದಿಂದ ಯಾರಿಗೂ ಹಾನಿಯಾಗದೇ ಎಂದು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ. ಅದಿಲ್ಲದೆ ಹೆಜ್ಜೆ ಇಡುವಂತಿಲ್ಲ.

ಮುಂದಿನದು ಸಹಿ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ, ತಿಳಿದು ಕೊಟ್ಟ ಸಮ್ಮತಿಯಿಲ್ಲದೆ ಯಾರನ್ನೂ ಸಂಶೋಧನೆಗೆ ಒಳಪಡಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಸಹಿಯೊಂದೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರಿಂದ ಮೌಖಿಕ, 12ರಿಂದ 18ರವರಿಂದ ಲಿಖಿತ ಒಪ್ಪಿಗೆ ಬೇಕು. ಮಗು ಅಜ್ಜಿಯ ಮುಖ ನೋಡಿ ತಲೆಯಾಡಿಸಿದರೆ ಅದನ್ನು ‘ಹೂಂ’ ಎಂದು ಬರೆದುಕೊಳ್ಳಬೇಡಿ. ಮಾತ್ರೆ ಕೊಡುವ ಸಿಬ್ಬಂದಿಯಿಂದ ಕೇಳಿಸಲೂಬೇಡಿ. ಬೇಡವೆಂದರೆ ಮುಂದಿನ ತಿಂಗಳ ಮಾತ್ರೆ ಸಿಗದೇ ಹೋದೀತೆಂಬ ಹೆದರಿಕೆ ಆ ಮಗುವಿಗೆ ಇದ್ದೇ ಇರುತ್ತದೆ. ಅಧ್ಯಯನದ ನಡುವೆ 18 ತುಂಬಿದರೆ ಹೊಸದಾಗಿ ಕೇಳಿ.

ಇನ್ನು ಎಲ್ಲರೂ ಎಡವುವ ಜಾಗ. ಲೈಂಗಿಕ ಸಂಬಂಧದ ಬಗ್ಗೆ ಹದಿನಾರರ ಹುಡುಗನನ್ನು ಕೇಳುತ್ತೀರಿ, ಅವನು ನಂಬಿ ಹೇಳುತ್ತಾನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ 18ರೊಳಗಿನವರು ಒಳಗೊಂಡ ಲೈಂಗಿಕ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅವನ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಟ್ಟಿದ್ದರೆ ನೀವು ಸುಳ್ಳುಗಾರರು. ಏನನ್ನು ಗುಟ್ಟಾಗಿ ಇಡಲಾಗದು ಎಂಬುದನ್ನು ಮಾತು ಆರಂಭಿಸುವ ಮೊದಲೇ ಅವನಿಗೆ ಹೇಳಿ. ಆ ಪ್ರಶ್ನೆ ನಿಜಕ್ಕೂ ಬೇಕೇ ಎಂದು ಅದಕ್ಕೂ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಬಸ್ ಚಾರ್ಜು, ಊಟದ ಖರ್ಚು ಕೊಡಿ. ಆಸೆ ಹುಟ್ಟಿಸುವಷ್ಟು ಬೇಡ. ಫೋನ್ ಮಾಡಿದಾಗ ಎತ್ತಿದವರು ಚಿಕ್ಕಪ್ಪನಾದರೆ ಏನು ಹೇಳಬೇಕೆಂಬುದನ್ನು ಮಗುವಿನ ಜೊತೆಗೇ ಮೊದಲು ಗೊತ್ತುಮಾಡಿಕೊಳ್ಳಿ.

ಕೊನೆಗೆ ವರದಿ. ‘ಇಂಥ ಹೋಬಳಿಯ, ತಂದೆತಾಯಿ ಇಲ್ಲದ, ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡಿದ ಹತ್ತನೇ ತರಗತಿಯ ಹುಡುಗ’ ಎಂದು ಬರೆದು ಹೆಸರು ಬದಲಿಸಲಾಗಿದೆ ಎಂದರೆ, ಊರಿನ ಚಹಾದಂಗಡಿಯಲ್ಲಿ ಅವನ ಹೆಸರು ಸಂಜೆಯೊಳಗೆ ಗೊತ್ತಾಗುತ್ತದೆ. ಮೊದಲು ಕಬಡ್ಡಿ ತೆಗೆಯಿರಿ, ಆಮೇಲೆ ಹೋಬಳಿ.